ತಟ್ಟೆ ನಮ್ಮದು, ಹೊಟ್ಟೆ ಮಗುವಿನದು



ಕನ್ನಡ ಕಾರ್ಯಕ್ರಮದಲ್ಲಿ ಮಕ್ಕಳ ವಿಷಯ ಎತ್ತಿದಾಗಲೆಲ್ಲ ಬರುವ ಮೊದಲ ಪ್ರಶ್ನೆ ಯಾವುದೆಂದು ಈಗ ನಮಗೆ ಕೇಳುವ ಮುಂಚೆಯೇ ಗೊತ್ತಿರುತ್ತದೆ. "ನಮ್ಮ ಮಗು ಊಟಾನೇ ಮಾಡಲ್ಲ." ಧಾರವಾಡದ ಕಡೆಯವರಾದರೆ "ಏನೂ ಉಣ್ಣಂಗಿಲ್ರೀ" ಎನ್ನುತ್ತಾರೆ, ಮಂಗಳೂರಿನ ಕಡೆಯವರಾದರೆ "ಎಂತದೂ ತಿನ್ನುವುದಿಲ್ಲ ಮಾರಾಯ್ರೆ" ಎನ್ನುತ್ತಾರೆ. ಸಂಕಟ ಮಾತ್ರ ಒಂದೇ. ಊರಿನಲ್ಲಾಗಿದ್ದರೆ ಅಂಗಳದಲ್ಲಿ ಕಾಗೆ ತೋರಿಸಿ, ಚಂದಮಾಮನನ್ನು ತೋರಿಸಿ ತುತ್ತು ಇಡುತ್ತಿದ್ದರು. ಇಲ್ಲಿ ಏಳನೆಯ ಮಹಡಿಯ ಫ್ಲ್ಯಾಟಿನಲ್ಲಿ ಕಾಗೆಯ ಜಾಗಕ್ಕೆ ಮೊಬೈಲು ಬಂದಿದೆ. ಒಂದು ಬಟ್ಟಲು ಅನ್ನ-ತೊವ್ವೆ ಮುಗಿಸಲು ಒಂದು ಗಂಟೆ. ಬಾಲ್ಕನಿ, ಲಿಫ್ಟು, ವಾಚ್‌ಮನ್ ಮಾಮಾ, ಕಾರ್ಟೂನು, ಕೊನೆಗೆ ಗುಮ್ಮ. ಅಷ್ಟಾದ ಮೇಲೂ ಅರ್ಧ ಬಟ್ಟಲು ಉಳಿದಿರುತ್ತದೆ, ಅಮ್ಮನ ಕಣ್ಣಲ್ಲಿ ನೀರು, ಮಗುವಿನ ಕಣ್ಣಲ್ಲೂ ನೀರು.

ಈ ಯುದ್ಧದ ಬಗ್ಗೆ ಇವತ್ತು ಸ್ವಲ್ಪ ವಿವರವಾಗಿ ಮಾತಾಡೋಣ. ಏಕೆಂದರೆ ಬಹಳಷ್ಟು ಮನೆಗಳಲ್ಲಿ ತೊಂದರೆ ಇರುವುದು ಮಗುವಿನ ಹಸಿವಿನಲ್ಲಿ ಅಲ್ಲ. ಮಗು ಮಾಡಬೇಕಾದ ಕೆಲಸವನ್ನು ನಾವು ಮಾಡಲು ಹೋಗುತ್ತೇವೆ, ನಾವು ಮಾಡಬೇಕಾದ ಕೆಲಸವನ್ನು ಮಗುವಿಗೆ ಬಿಡುತ್ತೇವೆ. ಅಲ್ಲಿ ಎಡವಟ್ಟಾಗುತ್ತದೆ.

ಮೊದಲು ಒಂದು ಸಣ್ಣ ಲೆಕ್ಕ

ಹುಟ್ಟಿದಾಗ ಮೂರು ಕಿಲೋ ಚಿಲ್ಲರೆ ತೂಗುವ ಮಗು ಒಂದು ವರ್ಷಕ್ಕೆ ಸರಿಸುಮಾರು ಒಂಬತ್ತು ಕಿಲೋ ಆಗುತ್ತದೆ. ಅಂದರೆ ಮೂರು ಪಟ್ಟು! ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಬೆಳವಣಿಗೆಯ ಪಟ್ಟಿಯಲ್ಲಿ (ಭಾರತದ ಮಕ್ಕಳನ್ನೂ ಅಳೆದು ಮಾಡಿದ ಪಟ್ಟಿ ಇದು) ಒಂದು ವರ್ಷದ ಗಂಡುಮಗುವಿನ ನಡುಮಟ್ಟದ ತೂಕ 9.6 ಕಿಲೋ, ಎರಡು ವರ್ಷಕ್ಕೆ 12.2, ಮೂರು ವರ್ಷಕ್ಕೆ 14.3. ಹೆಣ್ಣುಮಗುವಿನದು ಸ್ವಲ್ಪ ಕಡಿಮೆ. ಗಮನಿಸಿ, ಮೊದಲ ವರ್ಷ ಆರು ಕಿಲೋ ಏರಿದ ಮಗು ಎರಡನೆಯ ವರ್ಷ ಏರುವುದು ಎರಡೂವರೆ ಕಿಲೋ ಮಾತ್ರ. ಆಮೇಲೆ ವರ್ಷಕ್ಕೆ ಎರಡು ಕಿಲೋ.

ಬೆಳವಣಿಗೆಯ ಓಟ ನಿಧಾನವಾದ ಮೇಲೆ ಹಸಿವೂ ನಿಧಾನವಾಗಬೇಕಲ್ಲ? ಆಗುತ್ತದೆ. ಸರಿಯಾಗಿ ಒಂದೂಕಾಲು, ಒಂದೂವರೆ ವರ್ಷದ ಹೊತ್ತಿಗೆ "ಮೊದಲು ಚೆನ್ನಾಗಿ ತಿನ್ನುತ್ತಿತ್ತು, ಈಗ ಏನಾಯಿತೋ, ದೃಷ್ಟಿ ಆಯಿತೋ" ಎಂಬ ದೂರು ಶುರುವಾಗುವುದಕ್ಕೆ ಇದೇ ಕಾರಣ. ಕೆಂಪು ನೀರು ನಿವಾಳಿಸುವವರು ನಿವಾಳಿಸಲಿ, ನಮ್ಮದೇನೂ ಆಕ್ಷೇಪಣೆ ಇಲ್ಲ. ಆದರೆ ಆ ಮಗುವಿಗೆ ಏನೂ ಆಗಿರುವುದಿಲ್ಲ. ಅದೇ ವಯಸ್ಸಿನಲ್ಲಿ ನಡಿಗೆ ಬಂದಿರುತ್ತದೆ, ಜಗತ್ತು ಕಾಣಿಸತೊಡಗಿರುತ್ತದೆ, "ಬೇಡ" ಎಂಬ ಮಾತಿನ ರುಚಿ ಹತ್ತಿರುತ್ತದೆ. ತಟ್ಟೆಯ ಮುಂದೆ ಕೂರಲು ಪುರುಸೊತ್ತೆಲ್ಲಿ?

ಇನ್ನೊಂದು ವಿಷಯ. ಮಕ್ಕಳು ಊಟದಿಂದ ಊಟಕ್ಕೆ ಒಂದೇ ಸಮ ತಿನ್ನುವುದಿಲ್ಲ. ಅಮೆರಿಕದಲ್ಲಿ ಲಿಯಾನ್ ಬರ್ಚ್ ಎಂಬ ಮನೋವಿಜ್ಞಾನಿ ಮತ್ತು ಅವರ ಸಂಗಡಿಗರು ಎರಡರಿಂದ ಐದು ವರ್ಷದ 15 ಮಕ್ಕಳು ಆರು ದಿನಗಳಲ್ಲಿ ತಿಂದದ್ದನ್ನೆಲ್ಲ ಅಳೆದು 1991ರಲ್ಲಿ ಪ್ರಕಟಿಸಿದರು. ಒಂದೊಂದು ಹೊತ್ತಿನ ಊಟದಲ್ಲಿ ಸರಾಸರಿ ಮೂರನೆಯ ಒಂದು ಪಾಲಿನಷ್ಟು ಏರುಪೇರು ಇತ್ತು. ಆದರೆ ಇಡೀ ದಿನದ ಲೆಕ್ಕ ಹಾಕಿದಾಗ ಏರುಪೇರು ಶೇಕಡಾ 10ರ ಆಸುಪಾಸು ಮಾತ್ರ. ಬೆಳಿಗ್ಗೆ ಒಂದೇ ಇಡ್ಲಿ ತಿಂದು ಎದ್ದ ಮಗು ಮಧ್ಯಾಹ್ನವೋ ರಾತ್ರಿಯೋ ಅದನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ನಾವು ಮಾತ್ರ ಆ ಒಂದು ಇಡ್ಲಿಯನ್ನೇ ನೋಡುತ್ತ ದಿನವಿಡೀ ಕೊರಗುತ್ತೇವೆ.

ಮಗುವನ್ನು ನಂಬಿದ ವೈದ್ಯೆ

ಇದಕ್ಕೂ ಬಹಳ ಹಿಂದೆ, 1926ರಲ್ಲಿ, ಕ್ಲಾರಾ ಡೇವಿಸ್ ಎಂಬ ಮಕ್ಕಳ ವೈದ್ಯೆ ಒಂದು ವಿಚಿತ್ರ ಪ್ರಯೋಗ ಆರಂಭಿಸಿದರು. ಆ ಕಾಲದ ಅಮೆರಿಕದ ಡಾಕ್ಟರುಗಳು ಮಗುವಿಗೆ ಎಷ್ಟು ಗಂಟೆಗೆ ಎಷ್ಟು ಔನ್ಸು ಎಂದು ಔಷಧಿಯಂತೆ ಚೀಟಿ ಬರೆದು ಕೊಡುತ್ತಿದ್ದರು, ತಾಯಂದಿರು ಅದನ್ನು ಗಡಿಯಾರ ಹಿಡಿದು ತಿನ್ನಿಸುತ್ತಿದ್ದರು, ಮಕ್ಕಳು ಬಾಯಿ ಬಿಗಿ ಹಿಡಿಯುತ್ತಿದ್ದವು. ಡೇವಿಸ್ ಆಗಷ್ಟೇ ಎದೆಹಾಲು ಬಿಟ್ಟ, ಆರರಿಂದ ಹನ್ನೊಂದು ತಿಂಗಳ ಶಿಶುಗಳ ಮುಂದೆ ಬಗೆಬಗೆಯ ಆಹಾರ ಇರಿಸಿದರು. ಒಟ್ಟು 34 ಬಗೆ: ಹಾಲು, ಹುಳಿ ಹಾಲು, ಹಣ್ಣು, ತರಕಾರಿ, ಧಾನ್ಯ, ಮೊಟ್ಟೆ, ಮೀನು, ಮಾಂಸ. ದಾದಿಯರಿಗೆ ಅವರು ಕೊಟ್ಟ ಆಜ್ಞೆ ಒಂದೇ. ಚಮಚ ಹಿಡಿದು ಸುಮ್ಮನೆ ಕುಳಿತಿರಿ. ಮಗು ಯಾವುದಕ್ಕೆ ಕೈ ಚಾಚುತ್ತದೋ ಅದನ್ನು ಕೊಡಿ, ನೀವಾಗಿ ಏನನ್ನೂ ಮುಂದೆ ಒಡ್ಡಬೇಡಿ, ಹೊಗಳಬೇಡಿ, ಗದರಬೇಡಿ.

ವರ್ಷಗಟ್ಟಲೆ ನಡೆದ ಈ ಪ್ರಯೋಗದಲ್ಲಿ 15 ಮಕ್ಕಳಿದ್ದರು. ಒಬ್ಬೊಬ್ಬರ ಆಯ್ಕೆ ಒಂದೊಂದು ಥರ. ಊಟಗಳು ನೋಡಲು ಹುಚ್ಚುಚ್ಚಾಗಿದ್ದವು. ಆದರೆ ಮಕ್ಕಳು ಚೆನ್ನಾಗಿ ಬೆಳೆದರು. ಮೂಳೆ ಮೆತ್ತಗಾಗುವ ರಿಕೆಟ್ಸ್ ಕಾಯಿಲೆಯಿದ್ದ ಒಂದು ಮಗುವಿನ ಮುಂದೆ ಕಾಡ್ ಮೀನಿನ ಎಣ್ಣೆಯ ಲೋಟವನ್ನೂ ಇಟ್ಟಿದ್ದರಂತೆ. ಗುಣವಾಗುವ ತನಕ ತಾನಾಗಿಯೇ ಕುಡಿದ ಮಗು ಆಮೇಲೆ ಅದನ್ನು ಮುಟ್ಟಲಿಲ್ಲ. ಮಕ್ಕಳನ್ನು ಹೀಗೆ ವರ್ಷಗಟ್ಟಲೆ ಆಸ್ಪತ್ರೆಯಲ್ಲಿಟ್ಟುಕೊಂಡು ಪ್ರಯೋಗ ಮಾಡಲು ಇಂದು ಯಾರೂ ಒಪ್ಪಲಾರರು, ಒಪ್ಪಲೂಬಾರದು.

ಈ ಪ್ರಯೋಗದ ಕಥೆ ಹೇಳುವವರು ಅದರ ಅರ್ಧವನ್ನು ಮರೆಯುತ್ತಾರೆ. 1939ರ ಲೇಖನದಲ್ಲಿ ಡೇವಿಸ್ ತಾವೇ ಹೇಳಿದ್ದರು: ಗುಟ್ಟು ಇರುವುದು ಆಹಾರದ ಪಟ್ಟಿಯಲ್ಲಿ! ಆ 34ರಲ್ಲಿ ಸಕ್ಕರೆ ಇರಲಿಲ್ಲ, ಬಿಸ್ಕತ್ತು ಇರಲಿಲ್ಲ, ಕರಿದ ತಿಂಡಿ ಇರಲಿಲ್ಲ. ಮಗು ಏನನ್ನು ಆರಿಸಿಕೊಂಡರೂ ಅದು ಒಳ್ಳೆಯದೇ ಆಗಿತ್ತು. ಪಟ್ಟಿ ಮಾಡಿದವರು ದೊಡ್ಡವರು, ಆರಿಸಿಕೊಂಡವರು ಮಕ್ಕಳು.

ಇದನ್ನೇ 1980ರ ದಶಕದಲ್ಲಿ ಎಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರತಜ್ಞೆ ಮನೆಮನೆಗೂ ಅನ್ವಯಿಸುವ ಹಾಗೆ ಕೆಲಸದ ಹಂಚಿಕೆಯಾಗಿ ಹೇಳಿದರು. ಏನು ತಿನ್ನುವುದು, ಯಾವಾಗ, ಎಲ್ಲಿ ಕುಳಿತು ಎನ್ನುವುದು ಹೆತ್ತವರ ಕೆಲಸ. ಎಷ್ಟು ತಿನ್ನುವುದು, ತಿನ್ನುವುದೋ ಬಿಡುವುದೋ ಎನ್ನುವುದು ಮಗುವಿನ ಕೆಲಸ. ಕೇಳಲು ಸುಲಭ. ಆದರೆ ನಮ್ಮ ಮನೆಗಳಲ್ಲಿ ನಡೆಯುವುದು ಬಹುಪಾಲು ಇದರ ತಿರುಗುಮುರುಗು. "ಏನು ಬೇಕು ಪುಟ್ಟಾ? ದೋಸೆ ಮಾಡ್ಲಾ? ನೂಡಲ್ಸ್ ಮಾಡ್ಲಾ?" ಎಂದು ಮೂರು ವರ್ಷದ ಮಗುವಿನ ಕೈಗೆ ಅಡುಗೆಮನೆಯ ಯಜಮಾನಿಕೆ ಕೊಡುತ್ತೇವೆ. ಮಾಡಿಯಾದ ಮೇಲೆ "ಇನ್ನು ನಾಲ್ಕೇ ತುತ್ತು" ಎಂದು ಹೊಟ್ಟೆಯ ಯಜಮಾನಿಕೆಯನ್ನು ಕಿತ್ತುಕೊಳ್ಳುತ್ತೇವೆ.

ಒಂದು ಎಚ್ಚರಿಕೆ. ಮಗುವಿನ ಹೊಟ್ಟೆಯ ಮಾತು ಕೇಳುವುದೆಂದರೆ ಮಗುವನ್ನು ಅದರ ಪಾಡಿಗೆ ಬಿಡುವುದಲ್ಲ. ಆರು ತಿಂಗಳಿನಿಂದ ಎರಡು ವರ್ಷದ ಮಗುವಿಗೆ ಎದುರಿಗೆ ಕುಳಿತು, ಮುಖ ನೋಡಿ, ಮಾತಾಡಿಸುತ್ತ, ತಾಳ್ಮೆಯಿಂದ ತಿನ್ನಿಸಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಈ ವಯಸ್ಸಿನವರಿಗಾಗಿ ಹೊರಡಿಸಿದ ಮಾರ್ಗಸೂಚಿಯಲ್ಲೂ ಮಗುವಿನ ಹಸಿವು ಮತ್ತು ಹೊಟ್ಟೆ ತುಂಬಿದ ಸಂಜ್ಞೆಗಳನ್ನು ನೋಡಿ ಉಣಿಸುವುದಕ್ಕೆ ಜಾಗವಿದೆ. ಮುಖ ತಿರುಗಿಸುವುದು, ತುಟಿ ಬಿಗಿಯುವುದು, ಚಮಚ ತಳ್ಳುವುದು, ತುತ್ತನ್ನು ದವಡೆಯಲ್ಲೇ ಇಟ್ಟುಕೊಳ್ಳುವುದು... ಮಾತು ಬಾರದ ಮಗು "ಸಾಕು" ಎನ್ನುವುದು ಹೀಗೆ.

ಒತ್ತಾಯ ಮತ್ತು ಲಂಚ

"ಸುಮ್ಮನೆ ಬಿಟ್ಟರೆ ಏನೂ ತಿನ್ನಲ್ಲ, ಒತ್ತಾಯ ಮಾಡಿದರೆ ಸ್ವಲ್ಪವಾದರೂ ಹೋಗತ್ತೆ" ಎನ್ನುವ ವಾದ ನಮಗೆಲ್ಲ ಗೊತ್ತು. ಬರ್ಚ್ ಅವರ ತಂಡ ಇದನ್ನೂ ಪರೀಕ್ಷಿಸಿತು. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶಾಲೆಗೆ ಹೋಗುವ ಮುಂಚಿನ ವಯಸ್ಸಿನ ಮಕ್ಕಳಿಗೆ ಎರಡು ಬಗೆಯ ತರಕಾರಿ ಸೂಪು ಕೊಟ್ಟರು. ಒಂದನ್ನು ಕೊಡುವಾಗ "ಸೂಪ್ ಮುಗಿಸು" ಎಂದು ಪದೇ ಪದೇ ಹೇಳಿದರು, ಇನ್ನೊಂದನ್ನು ಕೊಟ್ಟು ಸುಮ್ಮನಿದ್ದರು. ಮಕ್ಕಳು ಹೆಚ್ಚು ಕುಡಿದದ್ದು ಯಾರೂ ಏನೂ ಹೇಳದ ಸೂಪನ್ನು. ಮುಗಿಸು ಎಂದ ಸೂಪಿನ ಬಗ್ಗೆ ದೂರುಗಳೇ ದೂರುಗಳು. ಅದೂ ಗದರದೆ, ಮೆತ್ತಗೆ ಹೇಳಿದ್ದಕ್ಕೆ!

ಲಂಚದ ಕಥೆಯೂ ಇದೇ. "ಪಲ್ಯ ತಿಂದರೆ ಚಾಕಲೇಟ್" ಎಂದಾಗ ಮಗುವಿಗೆ ಅರ್ಥವಾಗುವುದೇನು? ಪಲ್ಯ ಕೂಲಿ ಕೆಲಸ, ಚಾಕಲೇಟ್ ಸಂಬಳ. ಯಾರಿಗಾದರೂ ಕೂಲಿ ಮೇಲೆ ಪ್ರೀತಿ ಬರುತ್ತದೆಯೇ? ಆ ಹೊತ್ತಿಗೆ ಎರಡು ತುತ್ತು ಒಳಗೆ ಹೋಗಬಹುದು. ದಿನ ಕಳೆದಂತೆ ಬೀನ್ಸ್ ಪಲ್ಯದ ಬೆಲೆ ಇಳಿದು, ಚಾಕಲೇಟಿನ ಬೆಲೆ ಏರಿರುತ್ತದೆ. ಮನೆಯಲ್ಲಿ ಹೋಳಿಗೆಯೋ ಪಾಯಸವೋ ಮಾಡಿದ ದಿನ ಊಟದ ಜೊತೆಯಲ್ಲೇ ಒಂದು ಪಾಲು ಬಡಿಸಿಬಿಡಿ. ಮೊದಲು ಅದನ್ನೇ ತಿಂದರೂ ತಿನ್ನಲಿ. ನಮ್ಮ ಬಾಳೆಯೆಲೆಯ ಊಟದಲ್ಲಿ ತುದಿಗೆ ಪಾಯಸ ಬಡಿಸಿಟ್ಟೇ ಊಟಕ್ಕೆ ಕರೆಯುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ, ಅದನ್ನು ಯಾರೂ ಬಹುಮಾನವೆಂದು ತಿಳಿಯಲಿಲ್ಲ.

ಹೊಸ ತರಕಾರಿಯ ವಿಷಯಕ್ಕೆ ಬಂದರೆ, ಎರಡರಿಂದ ಆರು ವರ್ಷದ ಮಕ್ಕಳಿಗೆ ಹೊಸ ಆಹಾರದ ಬಗ್ಗೆ ಅಳುಕು ಹೆಚ್ಚು. ಕಹಿಯ ಬಗ್ಗೆ ಇನ್ನೂ ಹೆಚ್ಚು. ಅದು ಸೊಕ್ಕಲ್ಲ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳದಂತೆ ಕಾಯುವ ಸ್ವಭಾವ. ಒಂದು ರುಚಿ ಒಗ್ಗಲು ಎಂಟು-ಹತ್ತು ಸಲ, ಕೆಲವೊಮ್ಮೆ ಹದಿನೈದು ಸಲ ಬೇಕಾಗಬಹುದು. ನಾವು ಎರಡು ಸಲ ಮೆಂತೆಸೊಪ್ಪಿನ ಪಲ್ಯ ಇಟ್ಟು, ಉಗಿದದ್ದನ್ನು ನೋಡಿ, "ಇವನಿಗೆ ಮೆಂತೆ ಆಗಲ್ಲ" ಎಂದು ಶಾಶ್ವತ ತೀರ್ಪು ಬರೆದುಬಿಡುತ್ತೇವೆ. ಬದಲಿಗೆ ಹೀಗೆ ಮಾಡಿ ನೋಡಿ. ಮಗು ಈಗಾಗಲೇ ಇಷ್ಟಪಡುವ ಒಂದು ಪದಾರ್ಥ, ಮೊಸರನ್ನವೋ ಚಪಾತಿಯೋ, ತಟ್ಟೆಯಲ್ಲಿ ಇದ್ದೇ ಇರಲಿ. ಪಕ್ಕದಲ್ಲಿ ಒಂದೇ ಚಮಚ ಹೊಸದು. ಅದರ ಬಗ್ಗೆ ಮಾತೇ ಬೇಡ. ನೀವು ಅದನ್ನು ಖುಷಿಯಿಂದ ತಿನ್ನಿ. ಸೊಪ್ಪು ಬಿಡಿಸುವಾಗ, ಬಟಾಣಿ ಸುಲಿಯುವಾಗ, ಪಡ್ಡಿನ ಹಿಟ್ಟಿಗೆ ಕ್ಯಾರೆಟ್ ತುರಿ ಬೆರೆಸುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮುಟ್ಟುವುದು, ಮೂಸುವುದು, ನೆಕ್ಕಿ ಉಗಿಯುವುದು, ಇವೂ ಲೆಕ್ಕಕ್ಕೆ ಸೇರುತ್ತವೆ. ಹಾಗಲಕಾಯಿಯ ಬಗ್ಗೆ ಮಾತ್ರ ನಾವು ಯಾವ ಭರವಸೆಯನ್ನೂ ಕೊಡುವುದಿಲ್ಲ. ದೊಡ್ಡವರೇ ಎಷ್ಟು ಜನ ತಿನ್ನುತ್ತಾರೆ!

ಹಾಲಿನ ಲೋಟದೊಳಗಿನ ಸಮಸ್ಯೆ

ನಮಗೆ ನಿಜವಾಗಿ ಚಿಂತೆಯಾಗುವ ವಿಷಯ ಇದು. ಊಟ ಮಾಡದ ಮಗುವಿಗೆ "ಹಾಲಾದರೂ ಕುಡಿಯಲಿ" ಎಂದು ಬೆಳಿಗ್ಗೆ ಎದ್ದ ಕೂಡಲೇ ಒಂದು ಬಾಟಲಿ, ಹತ್ತು ಗಂಟೆಗೆ ಒಂದು, ಸಂಜೆ ಪುಡಿ ಬೆರೆಸಿ ಒಂದು, ರಾತ್ರಿ ಮಲಗುವಾಗ ಒಂದು. ಒಟ್ಟು ಒಂದು ಲೀಟರ್ ಆಗಿಹೋಗುತ್ತದೆ. ಈಗ ಲೆಕ್ಕ ಹಾಕಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಪಟ್ಟಿಯಂತೆ ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಬೇಕಾದ ಶಕ್ತಿ ಸುಮಾರು 1,010 ಕ್ಯಾಲರಿ. ಒಂದು ಲೀಟರ್ ಹಸುವಿನ ಹಾಲಿನಲ್ಲೇ ಅದರ ಮೂರನೆಯ ಎರಡು ಪಾಲು ಬಂದುಬಿಡುತ್ತದೆ, ಸಕ್ಕರೆ ಮತ್ತು ಪುಡಿಯ ಲೆಕ್ಕ ಬೇರೆ. ನಡುವೆ ನಾಲ್ಕು ಬಿಸ್ಕತ್ತು. ಇನ್ನು ಅನ್ನ-ಹುಳಿಗೆ ಜಾಗವೆಲ್ಲಿದೆ? ಮಗು ಊಟ ಮಾಡುತ್ತಿಲ್ಲ ಎಂದು ಹಾಲು ಕೊಡುತ್ತೇವೆ, ಹಾಲು ಕುಡಿದದ್ದರಿಂದ ಮಗು ಊಟ ಮಾಡುವುದಿಲ್ಲ.

ಹಾಲು ಒಳ್ಳೆಯದೇ, ಆದರೆ ಅದರಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ನಮ್ಮ ದೇಶದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ಹೇಳುವಂತೆ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 67 ಮಂದಿಗೆ ರಕ್ತಹೀನತೆ ಇದೆ. ಮೂವರಲ್ಲಿ ಇಬ್ಬರು! ಬಡವರ ಮನೆಯ ಮಾತು ಮಾತ್ರ ಎಂದುಕೊಳ್ಳಬೇಡಿ. ದುಂಡಗೆ, ಬೆಳ್ಳಗೆ, ಹಾಲು ಕುಡಿದುಕೊಂಡಿರುವ ಮಕ್ಕಳಲ್ಲೂ ಇದು ಸಿಗುತ್ತದೆ. ಆ ಬಿಳುಪು ಕೆಲವೊಮ್ಮೆ ರಕ್ತ ಕಡಿಮೆಯಾದದ್ದರ ಗುರುತು. ರಕ್ತಹೀನತೆ ಬಂದ ಮಗುವಿಗೆ ಹಸಿವು ಇನ್ನೂ ಕಡಿಮೆಯಾಗುತ್ತದೆ, ಸಿಡುಕು ಹೆಚ್ಚಾಗುತ್ತದೆ. ಆಗ ನಾವು "ಊಟ ಮಾಡಲ್ಲ, ಹಠ ಬೇರೆ" ಎನ್ನುತ್ತೇವೆ.

ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಬೇಡ, ಬಾಟಲಿ ಬಿಟ್ಟು ಲೋಟದಲ್ಲಿ ಕೊಡಿ ಎನ್ನುವುದು ಮಕ್ಕಳ ವೈದ್ಯರ ಸಲಹೆ. ರಾಗಿಯಲ್ಲಿ ಸುಣ್ಣದ ಅಂಶ ಧಾರಾಳವಾಗಿರುವುದರಿಂದ ಹಾಲು ಇಳಿಸಿದರೆ ಮೂಳೆಗೆ ಏನಾಗುತ್ತದೋ ಎಂಬ ಹೆದರಿಕೆ ಬೇಡ. ರಾಗಿ ಮಣ್ಣಿ, ರಾಗಿ ದೋಸೆ, ರೊಟ್ಟಿ ಯಾವುದಾದರೂ ಸರಿ. ಕಬ್ಬಿಣಕ್ಕೆ ಬೇಳೆಕಾಳು, ಸೊಪ್ಪು, ತಿನ್ನುವವರ ಮನೆಯಲ್ಲಿ ಮಾಂಸ ಮತ್ತು ಮೀನು. ಕೋಸಂಬರಿಗೆ ನಿಂಬೆಹಣ್ಣು ಹಿಂಡುವ ನಮ್ಮ ಪದ್ಧತಿ ಬಹಳ ಒಳ್ಳೆಯದು, ಹುಳಿಯಲ್ಲಿರುವ ಸಿ ಜೀವಸತ್ವ ಕಾಳಿನ ಕಬ್ಬಿಣವನ್ನು ಮೈಗೆ ಹಿಡಿಸುತ್ತದೆ. ಊಟದ ಜೊತೆ ಚಹಾ ಕೊಟ್ಟರೆ ಅದು ತಡೆಯುತ್ತದೆ. ಇಲ್ಲಿ ಮುಂಬಯಿ-ಪುಣೆಯಲ್ಲಿ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಪುಟ್ಟ ಮಕ್ಕಳಿಗೆ ಕೊಡುವ ಅಭ್ಯಾಸ ನಮ್ಮವರಿಗೂ ಬಂದುಬಿಟ್ಟಿದೆ, ದಯವಿಟ್ಟು ಬಿಡಿ.

ಮೂರು ಊಟ, ಎರಡು ತಿಂಡಿ, ನಡುವೆ ನೀರು ಮಾತ್ರ. ಊಟಕ್ಕೂ ತಿಂಡಿಗೂ ನಡುವೆ ಎರಡೂವರೆ-ಮೂರು ಗಂಟೆ ಬಿಡುವು. ಅರ್ಧ ಗಂಟೆ ಕುಳಿತ ಮೇಲೂ ಮಗು ತಿನ್ನದಿದ್ದರೆ ಬೇಸರವಿಲ್ಲದೆ ತಟ್ಟೆ ಎತ್ತಿಡಿ, ಮುಂದಿನ ಹೊತ್ತಿನ ತನಕ ಬದಲಿ ತಿಂಡಿ ಬೇಡ. ಮೊದಲ ನಾಲ್ಕೈದು ದಿನ ಕಷ್ಟ, ಒಪ್ಪುತ್ತೇವೆ. ಮಗುವಿಗಿಂತ ನಮಗೇ ಹೆಚ್ಚು ಕಷ್ಟ.

ಮೊಬೈಲ್ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಎರಡು ವರ್ಷದೊಳಗಿನವರಿಗೆ ಪರದೆಯೇ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ ಎನ್ನುತ್ತದೆ ಭಾರತೀಯ ಮಕ್ಕಳ ವೈದ್ಯರ ಸಂಘ. ಊರಿನ ಅಜ್ಜನ ಜೊತೆ ವಿಡಿಯೋ ಕಾಲ್ ಮಾಡಿಸಬಹುದು. ಊಟದ ಹೊತ್ತಿನ ಮೊಬೈಲಿನ ವಿಶೇಷ ತೊಂದರೆಯೆಂದರೆ, ಪರದೆ ನೋಡುತ್ತಿರುವ ಮಗುವಿಗೆ ತಾನು ತಿನ್ನುತ್ತಿದ್ದೇನೆ ಎಂಬುದೇ ತಿಳಿದಿರುವುದಿಲ್ಲ. ಹೊಟ್ಟೆ ತುಂಬಿದ್ದು ತಿಳಿಯುವುದೆಲ್ಲಿಂದ?

ರಚ್ಚೆ ಬೇರೆ, ಹಠ ಬೇರೆ

ಅಳುವ ಮಗುವಿನ ಬಾಯಿಗೆ ಬಿಸ್ಕತ್ತು ಇಡುವುದು ಅತಿ ಸುಲಭದ ಉಪಾಯ. ಬಿದ್ದರೆ ಬಿಸ್ಕತ್ತು, ಬೇಜಾರಾದರೆ ಬಿಸ್ಕತ್ತು, ಅಮ್ಮ ಆಫೀಸಿಗೆ ಹೊರಟರೆ ಬಿಸ್ಕತ್ತು. ಹೀಗೆ ಬೆಳೆದ ಮಗು ದುಃಖವನ್ನೂ ಹಸಿವನ್ನೂ ಒಂದೇ ಎಂದು ತಿಳಿಯುತ್ತದೆ. ದೊಡ್ಡವರಾದ ಮೇಲೂ ಮನಸ್ಸು ಕೆಟ್ಟಾಗ ಫ್ರಿಜ್ ಬಾಗಿಲು ತೆರೆಯುವವರು ನಮ್ಮಲ್ಲಿ ಎಷ್ಟು ಜನ ಇಲ್ಲ!

ನಮ್ಮ ಭಾಷೆಯಲ್ಲಿ ಎರಡು ಒಳ್ಳೆಯ ಪದಗಳಿವೆ. ಮಗು ರಚ್ಚೆ ಹಿಡಿಯುತ್ತದೆ, ಮಗು ಹಠ ಮಾಡುತ್ತದೆ. ನಿದ್ದೆ ಬಂದು, ಹಸಿದು, ಸುಸ್ತಾಗಿ, ಮೈ ಸರಿಯಿಲ್ಲದೆ, ಮದುವೆಮನೆಯ ಗದ್ದಲಕ್ಕೆ ಬೇಸತ್ತು ಅಳುವುದು ರಚ್ಚೆ. ಏನು ಕೊಟ್ಟರೂ ನಿಲ್ಲದು, ಏಕೆಂದರೆ ಅದು ಏನನ್ನೂ ಕೇಳುತ್ತಿಲ್ಲ. ಅಂಗಡಿಯ ಮುಂದೆ ನಿಂತು ಆ ಕೆಂಪು ಕಾರೇ ಬೇಕು ಎಂದು ಅಳುವುದು ಹಠ. ರಚ್ಚೆ ಹಿಡಿದ ಮಗುವಿಗೆ ಪಾಠ ಹೇಳುವುದು ದಂಡ, ಅದಕ್ಕೆ ಬೇಕಾದದ್ದು ಹೆಗಲು, ಕತ್ತಲೆ ಕೋಣೆ, ನಿದ್ದೆ. ಹಠ ಮಾಡುವ ಮಗುವಿಗೆ ಕಾರು ಕೊಡಿಸಿದರೆ ನಾಳೆಯ ಹಠಕ್ಕೆ ಇಂದೇ ಮುಂಗಡ ಕೊಟ್ಟಂತೆ. ಅಲ್ಲಿ ಬೇಕಾದದ್ದು ಮೆತ್ತನೆಯ ದನಿಯ "ಇಲ್ಲ" ಮತ್ತು ಪಕ್ಕದಲ್ಲಿ ನಿಂತಿರುವ ತಾಳ್ಮೆ. ಎರಡನ್ನೂ ಅದಲುಬದಲು ಮಾಡಿದಾಗಲೇ ಮನೆಯಲ್ಲಿ ರಂಪ. ಊಟದ ಹೊತ್ತಿನಲ್ಲಿ ನಾವು ಹಠ ಎಂದುಕೊಳ್ಳುವುದು ಬಹಳ ಸಲ ರಚ್ಚೆಯೇ. ರಾತ್ರಿ ಒಂಬತ್ತೂವರೆಗೆ, ಅಪ್ಪ ಲೋಕಲ್ ಟ್ರೇನಿನಿಂದ ಇಳಿದು ಬಂದ ಮೇಲೆ ಊಟಕ್ಕೆ ಕೂರಿಸಿದ ಮೂರು ವರ್ಷದ ಮಗು ಅಳದೆ ಇನ್ನೇನು ಮಾಡೀತು? ಅದಕ್ಕೆ ಏಳೂವರೆಗೇ ಬಡಿಸಿಬಿಡಿ. ಅಪ್ಪನ ಜೊತೆ ಊಟ ಭಾನುವಾರ.

ಸಮಾಧಾನದ ಸಂಗತಿಯೊಂದಿದೆ. ಅಮೆರಿಕದ ಮೈಕೆಲ್ ಪೊಟೆಗಲ್ ಮತ್ತು ಸಂಗಡಿಗರು ಒಂದೂವರೆಯಿಂದ ಐದು ವರ್ಷದ ಮಕ್ಕಳ ಇಂಥ ರಂಪಾಟಗಳನ್ನು ಕುರಿತು ತಂದೆತಾಯಿಗಳು ಬರೆದುಕೊಟ್ಟ ವಿವರಗಳನ್ನು ಅಭ್ಯಾಸ ಮಾಡಿ 2003ರಲ್ಲಿ ಪ್ರಕಟಿಸಿದರು. ಮುಕ್ಕಾಲು ಪಾಲು ರಂಪಾಟಗಳು ಐದು ನಿಮಿಷದೊಳಗೆ ಮುಗಿದಿದ್ದವು. ಮಾಲ್‌ನಲ್ಲಿ ನೆಲಕ್ಕೆ ಬಿದ್ದು ಹೊರಳಾಡುವ ಮಗುವಿನ ಪಕ್ಕ ನಿಂತಾಗ ಅದು ಐದು ಗಂಟೆಯಂತೆ ಅನ್ನಿಸುವುದು ಬೇರೆ ಮಾತು.

ಆ ಐದು ನಿಮಿಷದಲ್ಲಿ ಏನು ಹೇಳಬೇಕು? ಹೈಮ್ ಗಿನೋಟ್ ಎಂಬ ಮನಶ್ಶಾಸ್ತ್ರಜ್ಞರು 1965ರಲ್ಲಿ ಬರೆದ ಪುಸ್ತಕದಿಂದ ಹರಡಿದ ವಿಚಾರ ಸರಳವಾಗಿದೆ. ಭಾವನೆಗೆಲ್ಲ ಒಪ್ಪಿಗೆ ಇದೆ, ವರ್ತನೆಗೆಲ್ಲ ಇಲ್ಲ. "ಇನ್ನೂ ಆಡಬೇಕು ಅಂತ ಆಸೆ, ಮನೆಗೆ ಹೋಗೋಕೆ ಬೇಜಾರು, ಅಲ್ವಾ ಪುಟ್ಟಾ? ಆದರೆ ಈಗ ಹೋಗಲೇಬೇಕು. ಹೊಡೆಯೋದು ಮಾತ್ರ ಬೇಡ." ಇಷ್ಟು ಸಾಕು. "ಅದಕ್ಕೆಲ್ಲ ಅಳ್ತಾರಾ? ಹುಡುಗರು ಅಳಬಾರದು" ಎಂದರೆ ಅಳು ನಿಲ್ಲುವುದಿಲ್ಲ, ಹೇಳಿಕೊಳ್ಳುವುದು ನಿಲ್ಲುತ್ತದೆ.

ಹೊರನಾಡಿನ ಕನ್ನಡಿಗರಿಗೆ ಇಲ್ಲಿ ಒಂದು ವಿಶೇಷ ಮಾತು. ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷು, ಕಟ್ಟಡದ ಕೆಳಗೆ ಹಿಂದಿಯೋ ಮರಾಠಿಯೋ ತೆಲುಗೋ ಆಡುತ್ತವೆ. ಮನೆಯ ಕನ್ನಡ "ಬಾ, ಕೂತ್ಕೋ, ಊಟ ಮಾಡು, ಮಲಕ್ಕೋ" ಎಂಬ ಆಜ್ಞೆಗಳಿಗೆ ಇಳಿದುಬಿಡುವ ಅಪಾಯವಿದೆ. ಸಿಟ್ಟು, ಮುನಿಸು, ಸಿಡುಕು, ಅಳುಕು, ಬೇಜಾರು, ಸಂಕೋಚ, ಹೊಟ್ಟೆಕಿಚ್ಚು, ಇವನ್ನೂ ಮಗುವಿನ ಕಿವಿಗೆ ಹಾಕಿ. ತಂಗಿ ಹುಟ್ಟಿದ ಮೇಲೆ ಅಣ್ಣನಿಗೆ ಆಗುವುದೇನೆಂದು ಹೇಳಲು "ಹೊಟ್ಟೆಕಿಚ್ಚು" ಎಂಬ ಪದ ಸಿಕ್ಕರೆ, ತೊಟ್ಟಿಲನ್ನು ಒದೆಯುವ ಅಗತ್ಯ ಸ್ವಲ್ಪ ಕಡಿಮೆಯಾದೀತು.

ಏಟು, ಗುಮ್ಮ ಮತ್ತು ಪೊಲೀಸ್ ಮಾಮಾ

"ನಾವೆಲ್ಲ ಏಟು ತಿಂದೇ ಬೆಳೆದಿಲ್ವಾ?" ಬೆಳೆದಿದ್ದೇವೆ. ಆದರೆ ಐವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ, ಸುಮಾರು 1 ಲಕ್ಷ 60 ಸಾವಿರ ಮಕ್ಕಳ ಮಾಹಿತಿಯನ್ನು ತೂಗಿ ನೋಡಿದ 2016ರ ಪರಿಶೀಲನೆಯೊಂದರಲ್ಲಿ ಏಟು ತಿಂದ ಮಕ್ಕಳಲ್ಲಿ ಎದುರು ಮಾತು, ಜಗಳಗಂಟಿತನ, ಮನಸ್ಸಿನ ತೊಂದರೆಗಳೇ ಹೆಚ್ಚು ಕಂಡವು. ವಿಧೇಯತೆ ಹೆಚ್ಚಿದ್ದು ಕಾಣಲಿಲ್ಲ. ಶಾಲೆಯಲ್ಲಂತೂ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಇದೆಲ್ಲ ಅಮೆರಿಕದ ಮಾತು ಎನ್ನುವವರಿಗೆ ಗಿಜುಭಾಯಿ ಬಧೇಕಾ ಅವರ ಹೆಸರು ಹೇಳಬೇಕು. ವಕೀಲಿಕೆ ಬಿಟ್ಟು ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ತೆರೆದ ಇವರು ಬೆತ್ತವಿಲ್ಲದೆ ಮಕ್ಕಳನ್ನು ಕಲಿಸಿ ತೋರಿಸಿದರು. ಅವರನ್ನು ಪ್ರೀತಿಯಿಂದ ಕರೆಯುತ್ತಿದ್ದುದು "ಮೀಸೆಯ ಅಮ್ಮ" ಎಂದು.

ಹೆದರಿಕೆಯೂ ಅಷ್ಟೇ. ಪುರಂದರದಾಸರ ಪುಟ್ಟ ಕೃಷ್ಣನಿಗೂ ಗುಮ್ಮನ ಹೆದರಿಕೆ ಇತ್ತು, ಆದರೆ ನಮ್ಮ ಕಾಲದ ಗುಮ್ಮರು ಬೇರೆ. "ಊಟ ಮಾಡದಿದ್ದರೆ ಡಾಕ್ಟರ್ ಹತ್ರ ಇಂಜೆಕ್ಷನ್ ಹಾಕಿಸ್ತೀನಿ, ಪೊಲೀಸ್‌ಗೆ ಹಿಡಿದು ಕೊಡ್ತೀನಿ." ನಾಳೆ ಜ್ವರ ಬಂದಾಗ ಅದೇ ಡಾಕ್ಟರ ಮುಂದೆ ಮಗು ಬಾಯಿ ತೆರೆಯಬೇಕು. ದೊಡ್ಡ ಊರಿನ ಜನಜಂಗುಳಿಯಲ್ಲಿ ಕೈತಪ್ಪಿದರೆ ಅದೇ ಪೊಲೀಸರ ಬಳಿ ಹೋಗಬೇಕು.

ಬೆದರಿಕೆಯ ಬದಲು ಎರಡು ಆಯ್ಕೆ ಕೊಡಿ, ಎರಡೂ ನಿಮಗೆ ಒಪ್ಪಿಗೆಯಾಗುವಂಥವು. "ನೀಲಿ ತಟ್ಟೆನಾ, ಸ್ಟೀಲ್ ತಟ್ಟೆನಾ?" "ಮೊದಲು ಕೈ ತೊಳೀತೀಯಾ, ಆಟದ ಸಾಮಾನು ಎತ್ತಿಡ್ತೀಯಾ?" ಹೊಗಳುವಾಗ ಬರೀ "ಜಾಣಮರಿ" ಎನ್ನುವುದಕ್ಕಿಂತ "ಚಪ್ಪಲಿ ನೀನೇ ಜೋಡಿಸಿಟ್ಟೆ, ನೋಡ್ದೆ" ಎಂದರೆ ಏನು ಮಾಡಿದ್ದಕ್ಕೆ ಖುಷಿಯಾಯಿತೆಂದು ಮಗುವಿಗೆ ತಿಳಿಯುತ್ತದೆ. ತಿಂದದ್ದಕ್ಕೆ ಮಾತ್ರ ಹೊಗಳಬೇಡಿ. ಊಟ ಯಾರಿಗೂ ಮಾಡುವ ಉಪಕಾರವಲ್ಲ.

ಅಜ್ಜಿ ಬಂದಾಗ

ಎಲ್ಲ ಸರಿಹೋಗುತ್ತಿದೆ ಎನ್ನುವಾಗ ಊರಿನಿಂದ ಅತ್ತೆಯೋ ಅಮ್ಮನೋ ಬರುತ್ತಾರೆ. ಬಾಗಿಲಲ್ಲೇ ಮೊದಲ ಮಾತು, "ಅಯ್ಯೋ, ಮಗು ಎಷ್ಟು ಸೊರಗಿದೆ!" ಕೆಲಸಕ್ಕೆ ಹೋಗುವ ಸೊಸೆಗೆ ಆ ಒಂದು ಮಾತು ವಾರವಿಡೀ ಚುಚ್ಚುತ್ತದೆ, ಅದರ ಕೋಪವೆಲ್ಲ ಸಂಜೆ ಮಗುವಿನ ತಟ್ಟೆಯ ಮೇಲೆ ಇಳಿಯುತ್ತದೆ. ವಾದ ಮಾಡಿ ಪ್ರಯೋಜನವಿಲ್ಲ. "ಅತ್ತೆ, ಡಾಕ್ಟರ್ ಪಟ್ಟಿ ನೋಡಿ, ತೂಕ ಸರಿಯಾಗಿ ಏರ್ತಾ ಇದೆ" ಎಂದು ಬೆಳವಣಿಗೆಯ ಕಾರ್ಡನ್ನೇ ಕೈಗೆ ಕೊಡಿ. ಈ ಮಾತನ್ನು ಮಗ ಹೇಳಿದರೆ ಇನ್ನೂ ಒಳ್ಳೆಯದು, ಸೊಸೆಯ ಬಾಯಲ್ಲಿ ಬಂದರೆ ಅದೇ ಮಾತು ಎದುರುತ್ತರವಾಗುತ್ತದೆ. ಅಜ್ಜಿಗೆ ಮುಖ್ಯವಾದ ಕೆಲಸವೊಂದನ್ನು ಒಪ್ಪಿಸಿ, ಮಗುವಿನ ಜೊತೆ ಕುಳಿತು ತಾವೂ ಊಟ ಮಾಡುವುದು. ಕಥೆ ಹೇಳಲಿ, ಆದರೆ ಕಥೆಗೆ ತುತ್ತಿನ ಷರತ್ತು ಬೇಡ.

ಇನ್ನು, ಇಷ್ಟು ಹೊತ್ತು ಹೇಳಿದ್ದು ಆರೋಗ್ಯವಾಗಿರುವ ಮಕ್ಕಳಿಗೆ. ತೂಕ ಇಳಿಯುತ್ತಿದ್ದರೆ, ಬೆಳವಣಿಗೆಯ ಗೆರೆ ಕೆಳಕ್ಕೆ ಜಾರುತ್ತಿದ್ದರೆ, ನುಂಗುವಾಗ ಕೆಮ್ಮು-ಉಸಿರುಕಟ್ಟು ಬರುತ್ತಿದ್ದರೆ, ಪದೇ ಪದೇ ವಾಂತಿಯಾದರೆ, ಒಂದೂವರೆ ವರ್ಷ ದಾಟಿದರೂ ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ್ದನ್ನು ಬಿಟ್ಟು ಬೇರೇನೂ ನುಂಗದಿದ್ದರೆ, ಬೆರಳೆಣಿಕೆಯ ನಾಲ್ಕೈದು ಪದಾರ್ಥ ಬಿಟ್ಟು ಎಲ್ಲಕ್ಕೂ ಬೆಚ್ಚಿಬೀಳುತ್ತಿದ್ದರೆ, ಮಾತು ನಿಧಾನವಾಗಿದ್ದರೆ, ಮಣ್ಣು-ಸೀಮೆಸುಣ್ಣ-ಗೋಡೆಯ ಸುಣ್ಣ ತಿನ್ನುತ್ತಿದ್ದರೆ, ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ಮಣ್ಣು ತಿನ್ನುವುದು ಕೆಟ್ಟ ಚಾಳಿಯೆಂದು ಹೊಡೆಯುವವರಿದ್ದಾರೆ. ಬಹಳ ಸಲ ಅದರ ಹಿಂದೆ ಕಬ್ಬಿಣದ ಕೊರತೆ ಇರುತ್ತದೆ, ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಹಸಿವಿನ ಟಾನಿಕ್ಕನ್ನು ಮಾತ್ರ ಔಷಧಿ ಅಂಗಡಿಯಲ್ಲಿ ನೀವೇ ಕೇಳಿ ತರಬೇಡಿ.

ಕೊನೆಯದಾಗಿ, ಶಾಲೆಯ ಡಬ್ಬಿ ತುಂಬಿದಂತೆಯೇ ವಾಪಸು ಬರುತ್ತದೆ ಎನ್ನುವವರಿಗೆ. ಬೈಯುವ ಮುಂಚೆ ಮೂರು ವಿಷಯ ವಿಚಾರಿಸಿ. ಬಿಡುವು ಎಷ್ಟು ನಿಮಿಷ? ಡಬ್ಬಿಯ ಮುಚ್ಚಳ ಮಗುವಿನ ಕೈಯಲ್ಲಿ ತೆರೆಯುತ್ತದೆಯೇ? ಪಕ್ಕದಲ್ಲಿ ಕೂರುವವರು ಏನಾದರೂ ಅಂದರೇ? ಬೇರೆಯವರೆಲ್ಲ ಪರಾಠ, ಪೋಹೆ ತರುವ ತರಗತಿಯಲ್ಲಿ ನೀರುದೋಸೆ-ಚಟ್ನಿಯನ್ನೋ ಜೋಳದ ರೊಟ್ಟಿ-ಶೇಂಗಾ ಚಟ್ನಿಪುಡಿಯನ್ನೋ ನೋಡಿ ಯಾರೋ ಮೂಗು ಮುರಿದಿದ್ದರೆ ಮಗು ಅದನ್ನು ಮನೆಯಲ್ಲಿ ಹೇಳದೆ ಇರಬಹುದು. ಒಂದು ದಿನ ನಾಲ್ಕು ಹೆಚ್ಚಿಗೆ ನೀರುದೋಸೆ ಹಾಕಿ ಕಳಿಸಿ, ಗೆಳೆಯರಿಗೂ ಕೊಡಲಿ. ನಿಮ್ಮ ಮಕ್ಕಳ ಡಬ್ಬಿಯಲ್ಲಿ ಏನು ಹೋಗುತ್ತದೆ, ಏನು ಖಾಲಿಯಾಗಿ ಬರುತ್ತದೆ, ನಮಗೆ ಬರೆದು ತಿಳಿಸಿ. ಬಂದ ಪತ್ರಗಳನ್ನು ಕಾರ್ಯಕ್ರಮದಲ್ಲಿ ಓದುತ್ತೇವೆ.